ಗಿಡ್ಡನ ಕೊನೆಯ ಮೊಟ್ಟೆ

ಮೊಟ್ಟೆಯೊಳಗಿಂದ ಮತ್ತೆ ಕಿಚಕಿಚ ಕೇಳಿಸಿತು. ಟೈಲರಮ್ಮ ಹೊಲಿಯುತ್ತಿದ್ದ ಅಂಗಿಯನ್ನು ಪಕ್ಕಕ್ಕೆ ತಳ್ಳಿ ಎದ್ದು, ಮರಿ ಮಾಡಿಸುವ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಬೆಳಗಿನಿಂದ ಇದೇ ಗೋಳು. ಅಂಗಿಯ ಎಡತೋಳನ್ನು ಬಲಕ್ಕೆ ಕೂಡಿಸಿ, ಬಿಚ್ಚಿ, ಮತ್ತೆ ಹಾಗೇ ಕೂಡಿಸಿದ್ದಳು.

"ಹೆರಿಗೆ ಕೋಣೆಗೆ ಯಾರಾದ್ರೂ ಹೀಗೆ ನುಗ್ತಾರಾ?" ಅಂದ ಗಂಡ. ಬಸ್ ಡ್ರೈವರ್, ಇವತ್ತು ಅವನಿಗೆ ರಜೆ.

"ನಿಮಗೇನ್ರೀ, ಹಾರ್ನ್ ಹೊಡೆದ್ರೆ ಎಲ್ಲ ದಾರಿ ಬಿಡುತ್ತೆ."

ಗಿಡ್ಡ ಅಂದರೆ ಅವಳ ಬ್ಯಾಂಟಮ್ ಎಂಬ ಕುಳ್ಳ ತಳಿಯ ಹುಂಜ. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು, ಜಂಬ ಮಾತ್ರ ಆಳೆತ್ತರದ್ದು. ಹೋದ ತಿಂಗಳು ನಾಯಿ ಕಚ್ಚಿ ಸತ್ತಿತ್ತು. ಅದಕ್ಕೆ ಹುಟ್ಟಿದ ಕೊನೆಯ ಮೊಟ್ಟೆಗಳಲ್ಲಿ ಜೀವ ಹಿಡಿದದ್ದು ಎರಡೇ. ಅವೂ ಹೋದರೆ ಅವಳು ವರ್ಷಗಟ್ಟಲೆ ಆರಿಸಿ ಕೂಡಿಸಿ ಬೆಳೆಸಿದ ತಳಿ ಅಲ್ಲಿಗೆ ಮುಗಿಯಿತು.

ಮೊದಲನೆಯ ಮರಿ ನಿನ್ನೆ ಚಿಪ್ಪಿಗೆ ತೂತು ಮಾಡಿ ಸುಮ್ಮನಾಗಿತ್ತು. ಇವಳಿಗೆ ತಡೆಯಲಾಗಲಿಲ್ಲ. ಉಗುರಿನಿಂದ ಚಿಪ್ಪು ಬಿಡಿಸಿದಳು. ರಕ್ತ ಬಂತು. ಮೊಟ್ಟೆಯ ಹಳದಿ ಇನ್ನೂ ಮರಿಯ ಹೊಟ್ಟೆಯೊಳಗೆ ಸೇರಿರಲಿಲ್ಲ. ಮರಿ ಅಂಗೈಯಲ್ಲೇ ಸತ್ತಿತು. ಗಂಡ ಅದನ್ನು ಹಿತ್ತಲಲ್ಲಿ ಹೂತು ಬಂದ, ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಈಗ ಎರಡನೆಯದು. ತೂತಿನ ಸುತ್ತ ಮೆತ್ತಗಿರಬೇಕಾದ ಪೊರೆ ಕಾಗದದಂತೆ ಒಣಗಿ ಕೊಕ್ಕಿಗೆ ಅಂಟಿತ್ತು.

"ಮುಚ್ಚಳ ತೆಗೆದೂ ತೆಗೆದೂ ಒಳಗಿನ ತೇವ ಹಾರಿಹೋಗಿದೆ ರೀ. ಇನ್ನು ತಾನಾಗೇ ಬರಲ್ಲ ಇದು."

"ಹಾಗಂತ ಮುಟ್ತೀಯಾ? ನಿನ್ನೆ ಮುಟ್ಟಿದ್ದು ಸಾಲದಾ?" ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

"ಬಿಟ್ರೆ ಸಾಯೋದು ಖಂಡಿತ. ಮುಟ್ಟಿದ್ರೆ ಬದುಕಿದರೂ ಬದುಕಬಹುದು."

ಹತ್ತಿಯನ್ನು ಬೆಚ್ಚಗಿನ ನೀರಿಗೆ ಅದ್ದಿ ಪೊರೆಗೆ ಒತ್ತಿದಳು. ಚೂರು ಚಿಪ್ಪು ಎಬ್ಬಿಸಿದಳು. ಕೆಂಪು ನರ ಕಂಡಿತು; ಪೊರೆಯ ರಕ್ತ ಇನ್ನೂ ಮರಿಯೊಳಗೆ ಸೇರಿಲ್ಲ. ಈ ಸಲ ಕೈ ನಿಂತಿತು. ಪೆಟ್ಟಿಗೆಯೊಳಗೆ ಒದ್ದೆ ಬಟ್ಟೆ ಇಟ್ಟು ಮುಚ್ಚಿ ಹೊರಗೆ ಹೋದಳು. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಒಣಗದ ಬಟ್ಟೆ ತೆಗೆದು ಮಡಚಿದಳು. ವಾಪಸ್ ಬಂದಾಗ ನರ ಬಿಳುಚಿತ್ತು. ಇನ್ನೊಂದು ಚೂರು ಎಬ್ಬಿಸಿದಳು; ಮತ್ತೆ ಹೊರಗೆ. ಊಟಕ್ಕೆ ಕೂತವಳು ಎರಡು ತುತ್ತಿಗೇ ಎದ್ದಳು.

ಸಂಜೆಯ ಹೊತ್ತಿಗೆ ಮರಿ ಹೊರಗೆ ಬಿತ್ತು. ಒದ್ದೆ ಮುದ್ದೆ. ಎರಡು ಕಾಲೂ ಎರಡು ದಿಕ್ಕಿಗೆ ಜಾರುತ್ತಿದ್ದವು. ಅವು ನಡುವೆ ಸ್ವಲ್ಪ ಜಾಗ ಬಿಟ್ಟುಕೊಂಡು ನೆಟ್ಟಗೆ ನಿಲ್ಲುವ ಹಾಗೆ, ಮೆತ್ತನೆ ಬಟ್ಟೆಯ ಪಟ್ಟಿಯಿಂದ ಎರಡನ್ನೂ ಸೇರಿಸಿ ಕಟ್ಟಿದಳು. ಮರಿ ಎದ್ದಿತು, ಮುಗ್ಗರಿಸಿ ಕಿರುಚಿತು. ಅವಳ ಕೈ ಮುಂದಕ್ಕೆ ಹೋಯಿತು.

"ಎತ್ತಬೇಡ," ಅಂದ ಗಂಡ.

"ಎತ್ತಲ್ಲ. ತಾನೇ ಎದ್ರೇನೇ ಕಾಲಿಗೆ ಬಲ ಬರೋದು."

ಕೈ ಹಿಂದಕ್ಕೆ ತಂದು ಸೆರಗಿನಲ್ಲಿ ಸುತ್ತಿಕೊಂಡಳು.

"ಹುಂಜಾನಾ?"

"ಈಗಲೇ ಹೇಗ್ರೀ ಗೊತ್ತಾಗುತ್ತೆ? ಜುಟ್ಟು ಕೆಂಪಾಗೋಕೆ ವಾರಗಟ್ಟಲೆ ಬೇಕು. ಅದೂ ಬದುಕಿದ್ರೆ."

"ಅಷ್ಟು ದಿನ ಹೀಗೇ ಇಣುಕ್ತಾ ಇರ್ತೀಯಾ?"

ಅವಳು ಕೈಗೆ ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. ಮರಿ ಮತ್ತೆ ಬಿತ್ತು.