ತಲೆಯಾಡಿಸಿದ ಸಾಕ್ಷಿ

“ಈ ಮೂಗಿ ಮುಂಡೆ ಸಾಕ್ಷಿ ಹೇಳ್ತಾಳಾ ಸಾರ್? ಇವ್ಳಿಗೆ ಮಾತೇ ಇಲ್ವಲ್ಲ” ಎಂದು ಓನರ್ ರಾಮಚಂದ್ರಪ್ಪ ಇನ್ಸ್‌ಪೆಕ್ಟರ್ ಎದುರು ಕಾಲು ಚಾಚಿ ನಕ್ಕ.

ನಾವು ಮಾಲೂರಿನ ಅವನ ಇಟ್ಟಿಗೆ ಗೂಡಿನವರು, ಸ್ಟೇಷನ್ ಬಾಗಿಲಲ್ಲಿ ನಿಂತಿದ್ದೆವು. ನಮ್ಮ ಮುನಿಶಾಮಿ ಟ್ರಾಕ್ಟರ್ ಚಕ್ರದಡಿ ಸತ್ತಿದ್ದ. ರಿವರ್ಸ್ ತೆಗೆದವನು ಮೇಸ್ತ್ರಿ ನರೇಶ ಎಂದು ಗೂಡಿಗೆಲ್ಲ ಗೊತ್ತು. ಸತ್ತವನೇ ಕುಡಿದು ಓಡಿಸಿದ ಎಂದು ಓನರ್ ಬರೆಸಿದ್ದ. ಮುನಿಶಾಮಿಗೆ ಸೈಕಲ್ಲೇ ಬರುತ್ತಿರಲಿಲ್ಲ. ಆದರೆ ಕಣ್ಣಾರೆ ಕಂಡವಳು ಅವನ ಕಿವುಡು ಮಗಳು ರತ್ನ ಒಬ್ಬಳೇ.

ಕೋಲಾರದ ಕಿವುಡರ ಶಾಲೆಯ ಶೋಭಾರಾಣಿ ಟೀಚರ್ ಕೈಸನ್ನೆಯಲ್ಲಿ ಕೇಳಿದರು. ರತ್ನ ಕೈಯಾಡಿಸಿದಳು. ಟೀಚರ್ ಅದನ್ನು ಮಾತಿನಲ್ಲಿ ಹೇಳಿದರು: “ಟ್ರಾಕ್ಟರ್. ಅಪ್ಪ. ನರೇಶ. ಕೆಳಗೆ.”

“ಯಾರ್ರೀ ಕೆಳಗೆ?” ಇನ್ಸ್‌ಪೆಕ್ಟರ್ ಪೆನ್ನು ಕೊಟ್ಟ. “ಬರೀಲಿ.”

ರತ್ನ ಕನ್ನಡದಲ್ಲಿ ಬರೆದಳು. ಅಲ್ಲೂ ಅವೇ ನಾಲ್ಕು ಪದ, ಬಿಡಿಬಿಡಿಯಾಗಿ ಬಿದ್ದ ಇಟ್ಟಿಗೆಗಳಂತೆ.

“ಪದ ಕಲ್ತಿದಾಳೆ ಸಾರ್, ಜೋಡ್ಸೋಕೆ ಬರಲ್ಲ. ಚಿಕ್ಕ ವಯಸ್ಸಲ್ಲಿ ಬಂದಿದ್ರೆ ಕತೆನೇ ಹೇಳ್ತಿದ್ಲು. ನಮ್ ಹತ್ರ ಬಂದಾಗ ಹತ್ತೊಂಬತ್ತು ವರ್ಷ” ಎಂದರು ಟೀಚರ್.

“ಕಳಿಸ್ತೀನಿ ಅಂದಿದ್ದೆ ನಮ್ಮವ್ವಾ” ಎಂದಳು ತಾಯಿ ಮುನಿಗಂಗಮ್ಮ. “ಈ ಓನರ್ರೇ ಬೇಡ ಅಂದ. ಕೆಪ್ಪಿಗೆ ಯಾಕೆ ಇಸ್ಕೂಲು, ಮಣ್ ತುಳೀಲಿ ಅಂದ. ಈಗ ಇವ್ನೇ ಮಾತಿಲ್ಲ ಅಂತಾನೆ, ಬೋಳಿಮಗ.”

“ಬಾಯ್ ಮುಚ್ಚಮ್ಮ” ಎಂದ ಇನ್ಸ್‌ಪೆಕ್ಟರ್. “ಮೇಡಂ, ಹೌದು ಇಲ್ಲ ಅಂತ ಕೇಳಿ, ಸಾಕು. ಟ್ರಾಕ್ಟರ್ ಓಡ್ಸಿದ್ದು ನರೇಶನಾ?”

ಟೀಚರ್ ಕೇಳಿದರು. ರತ್ನ ತಲೆಯಾಡಿಸಿದಳು. ನಮಗೆ ಹೋದ ಜೀವ ಬಂತು.

“ಅಪ್ಪನೇ ಓಡ್ಸಿದ್ನಾ ಕೇಳಿ” ಎಂದ ಓನರ್.

ಅದಕ್ಕೂ ತಲೆಯಾಡಿಸಿದಳು.

ಗೂಡಿನಲ್ಲಿ ಅವಳು ಕಲಿತಿದ್ದೇ ಅದು. ಮೇಸ್ತ್ರಿ ಎದುರು ನಿಂತು ಬಾಯಿ ಆಡಿಸಿದರೆ ತಲೆಯಾಡಿಸಬೇಕು, ಇಲ್ಲದಿದ್ದರೆ ಏಟು. ಶಾಲೆ ಸಿಗುವ ಮೊದಲು ಅವಳಿಗೆ ಸಿಕ್ಕ ಪಾಠ ಇದೊಂದೇ.

“ಎರಡಕ್ಕೂ ಹೌದಂತೆ. ಮುಗೀತು, ನಡೀರಿ” ಎಂದು ಇನ್ಸ್‌ಪೆಕ್ಟರ್ ಕಡತ ಮಡಚಿದ.

ಮುನಿಗಂಗಮ್ಮ ಎದೆ ಬಡಿದುಕೊಂಡಳು. ಅಮ್ಮನ ಮುಖ ಕಂಡು ರತ್ನಳಿಗೆ ಏನೋ ಕೆಟ್ಟಿತೆಂದು ತಿಳಿಯಿತು. ಸೀದಾ ಹೋಗಿ, ಓನರನ ಹಿಂದೆ ನಿಂತಿದ್ದ ನರೇಶನ ರಟ್ಟೆ ಹಿಡಿದಳು. ಮಣ್ಣು ತುಳಿದು ಗಟ್ಟಿಯಾದ ಹುಡುಗಿ. ಅವನನ್ನು ಅಂಗಳಕ್ಕೆ ಎಳೆದು ಓನರನ ಜೀಪಿನ ಡ್ರೈವರ್ ಸೀಟಿಗೆ ದಬ್ಬಿದಳು. ಹಿಂದಕ್ಕೆ ಓಡಿದಳು. ಎದೆ ಮುಟ್ಟಿ ತೋರಿಸಿ, ಅಪ್ಪ ಎಂಬ ಸನ್ನೆ ಮಾಡಿ, ಹಿಂಚಕ್ರದ ಬುಡದಲ್ಲಿ ಅಂಗಾತ ಮಲಗಿದಳು.

“ನೋಡಿ ಸಾರ್, ಹೇಳ್ತಿದಾಳೆ. ಬರ್ಕೊಳ್ಳಿ” ಎಂದು ಟೀಚರ್ ಕೂಗಿದರು.

“ನಾಟಕ ಎಲ್ಲಾ ಬರ್ಕೊಳ್ಳೋಕಾಗಲ್ಲ ಮೇಡಂ” ಎಂದು ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೇ ನಿಂತ.

ಓನರ್ ಜೀಪಿನ ಇನ್ನೊಂದು ಬದಿಯಿಂದ ಹತ್ತಿ ಕೂತ. “ಸ್ಟಾರ್ಟ್ ಮಾಡ್ಲಾ ನರೇಶ. ಸದ್ದಿಗೆ ಎದ್ದೋಗ್ತಾಳೆ.”

ನರೇಶ ಕೀ ತಿರುಗಿಸಿದ. ನಾವೆಲ್ಲ ಒಟ್ಟಿಗೆ ಕಿರುಚಿಕೊಂಡೆವು. ರತ್ನ ಆಕಾಶ ನೋಡುತ್ತ ಮಲಗಿಯೇ ಇದ್ದಳು.