ನೇಮ ಹಿಡಿಯದ ಉಪವಾಸ

ನನ್ನ ಸೊಸೆ ತೃಪ್ತಿ ಹತ್ತು ದಿನದ ಉಪವಾಸ ಹಿಡಿದಿದ್ದಾಳೆ ಎಂದು ಶೇಡಬಾಳದ ಬಸದಿಯಲ್ಲಿ ಮೊದಲು ಹೇಳಿದವಳು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ. ದಶಲಕ್ಷಣ ಪರ್ವದ ಮೂರನೆಯ ದಿನ ಪೂಜೆ ಮುಗಿಸಿ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದಾಗ ನಾನಾಗಿಯೇ ದನಿ ಎತ್ತಿ ಹೇಳಿದೆ. ಆ ಹತ್ತು ದಿನ ನಾವೆಲ್ಲ ಒಂದೊತ್ತು ಉಣ್ಣುವವರು. ಬರೀ ಕಾಯಿಸಿ ಆರಿಸಿದ ನೀರಿನ ಮೇಲೆ ಹತ್ತೂ ದಿನ ತೆಗೆಯುವವರು ಊರಿಗೆ ಇಬ್ಬರೋ ಮೂವರೋ. ಅವರಲ್ಲಿ ನನ್ನ ಸೊಸೆಯೂ ಒಬ್ಬಳು ಅಂದರೆ ನನ್ನ ಕಾಲು ನೆಲದ ಮೇಲೆ ನಿಂತೀತೆ?

"ನೇಮಾ ಯಾರ ಮುಂದ ಹಿಡದ್ಳ, ಲಕ್ಷ್ಮಿ?" ಎಂದು ಪದ್ಮವ್ವ ಕೇಳಿದಳು. ಪದ್ಮವ್ವ ನಮ್ಮ ಮಹಿಳಾ ಮಂಡಳದ ಹಿರಿಯಳು, ಎಂಬತ್ತು ದಾಟಿದ ಮುದುಕಿ. ಕಣ್ಣು ಮಂಜಾದರೂ ಮಾತು ಮಂಜಾಗಿಲ್ಲ.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಉಪವಾಸ ಮಾಡುವವರು ದೇವರ ಮುಂದೆ ಕೈಮುಗಿದು, ಇಷ್ಟು ದಿನ ಎಂದು ನೇಮ ಹಿಡಿಯಬೇಕು. ನೇಮವಿಲ್ಲದೆ ಹೊಟ್ಟೆ ಖಾಲಿ ಇಟ್ಟುಕೊಂಡರೆ ಅದು ಬರೀ ಹಸಿವು.

"ಮನ್ಯಾಗ ಹಿಡದಾಳ್ರಿ" ಎಂದುಬಿಟ್ಟೆ. ನಾನೇನು ನೋಡಿದ್ದೆನೆ? ಮೊದಲ ದಿನ ಅವಳು ತಾಟು ಸರಿಸಿದಳು. "ಉಪಾಸೇನ?" ಎಂದೆ. ಹೌದೋ ಅಲ್ಲವೋ ಎಂಬಂತೆ ತಲೆ ಅಲ್ಲಾಡಿಸಿದಳು. ಆದದ್ದು ಅಷ್ಟೇ.

ತೃಪ್ತಿ ದಿಗ್ಗೇವಾಡಿಯ ಹುಡುಗಿ. ನನ್ನ ಮಗ ಸನ್ಮತಿಯನ್ನು ಮದುವೆಯಾಗಿ ಬಂದ ಮೊದಲ ವರ್ಷ ಅವಳ ನಗು ಓಣಿಯ ಆಚೆ ತುದಿಗೆ ಕೇಳುತ್ತಿತ್ತು. ಆ ವರ್ಷದ ಮಳೆಗಾಲ ಹಿಡಿದಾಗಿನಿಂದ ಏನಾಯಿತೋ ಏನೋ. ಹಾಲು ಉಕ್ಕಿ ಒಲೆ ಆರಿದರೂ ನೋಡುತ್ತ ನಿಲ್ಲುವಳು. ಬಾಚಣಿಗೆ ಕೈಯಲ್ಲಿ ಹಿಡಿದು, ಕೂದಲು ಬಿಟ್ಟುಕೊಂಡು ಒಂದು ತಾಸು ಕೂರುವಳು. ನಾನು ಸುಮ್ಮನಿರುವ ಜಾತಿಯೇ? ದಿನಾ ಬೈದೆ. "ಏನ ಕಡಿಮಿ ಆಗೇತಿ ನಿನಗ? ಗಂಡ ಹೊಡೀತಾನೇನು? ಉಣ್ಣಾಕ ಇಲ್ಲೇನು?" ಎಂದೆ. ಅವಳು ಅದಕ್ಕೂ ತಲೆ ಅಲ್ಲಾಡಿಸುತ್ತಿದ್ದಳು.

"ಅವ್ವಾ, ಅಕಿನ್ನ ಡಾಕ್ಟರಿಗೆ ತೋರಸೂನು. ಇದು ಮನಸಿನ ಬ್ಯಾನಿ ಅನಸ್ತೈತಿ" ಎಂದು ಸನ್ಮತಿ ಎರಡು ಸಲ ಹೇಳಿದ. ಎರಡು ಸಲವೂ ಅವನ ಬಾಯಿ ಮುಚ್ಚಿಸಿದೆ. ನನ್ನ ಮಗಳು ನೀಲಮನಿಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂದಿತ್ತು. "ತಲಿ ಕೆಟ್ಟ ಸೊಸಿ ಇದ್ದ ಮನಿ ಅಂತ ಗೊತ್ತಾದ್ರ ಅವ್ರು ನಮ್ಮ ಹೊಸ್ತಿಲಾ ತುಳಿತಾರೇನಲೇ?" ಎಂದೆ. ಅವನು ಎದ್ದು ಹೊಲಕ್ಕೆ ಹೋದ.

ಅಂಥದ್ದರಲ್ಲಿ ಈ ಉಪವಾಸ! ನನಗೆ ದೇವರೇ ಕಣ್ಣು ತೆರೆದಂತಾಯಿತು. ಹೆಂಗಸರು ಸಾಲುಗಟ್ಟಿ ಮನೆಗೆ ಬಂದರು, ತೃಪ್ತಿಯ ಕಾಲು ಮುಟ್ಟಿ ನಮಸ್ಕರಿಸಿದರು. ಅವಳು ಮಾತಾಡದಿದ್ದರೆ "ಮೌನಾನೂ ಹಿಡದಾಳ" ಎಂದರು. ಒಬ್ಬಳೇ ಕತ್ತಲ ಕೋಣೆಯಲ್ಲಿ ಕೂತರೆ "ಧ್ಯಾನಕ್ಕ ಕುಂತಾಳ" ಎಂದರು. ಬಂದವರನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ ತೋರಿಸಿದವಳು ನಾನು. ಬೈಯುವುದನ್ನು ಪೂರ್ತಿ ಬಿಟ್ಟೆ. ತಪಸ್ವಿಯನ್ನು ಬೈದು ಪಾಪ ಕಟ್ಟಿಕೊಳ್ಳಲೆ? ದಿನಕ್ಕೊಮ್ಮೆ ನೀರಿನ ಚರಿಗೆ ಅವಳ ಮುಂದಿಟ್ಟು, ದನಿ ತಗ್ಗಿಸಿ, ಹಿಂದೆ ಸರಿಯುತ್ತಿದ್ದೆ.

ಹನ್ನೊಂದನೆಯ ದಿನ ಪಾರಣೆ. ಉಪವಾಸ ಮಾಡಿದವರನ್ನು ಹೂವು ಕಟ್ಟಿದ ಜೀಪಿನಲ್ಲಿ ಬ್ಯಾಂಡು ಬಾರಿಸುತ್ತ ಬಸದಿಗೆ ಕರೆದೊಯ್ದು, ಶಾಲು ಹೊದಿಸಿ, ಆಮೇಲೆ ಮೊದಲ ಗುಟುಕು ಕುಡಿಸುವುದು ನಮ್ಮ ಪದ್ಧತಿ. ಅದೇ ಹೊತ್ತಿಗೆ ಬನ್ನಿ ಎಂದು ನಿಪ್ಪಾಣಿಯವರಿಗೂ ಹೇಳಿಕಳಿಸಿದ್ದೆ. ಸೊಸೆಯ ಪುಣ್ಯ ಮಗಳ ಮದುವೆಗೆ ಬರಲಿ ಎಂಬ ಲೆಕ್ಕ ನನ್ನದು. ಇಂಥ ಬುದ್ಧಿಗೆ ಬೆಂಕಿ ಹಾಕಬೇಕು!

ಆ ಬೆಳಿಗ್ಗೆ ನಾನು ಪಾರಣೆಗೆಂದು ಹೆಸರುಬೇಳೆ ಕಟ್ಟು ಬಸಿಯುತ್ತಿದ್ದೆ. ತೃಪ್ತಿ ಹಿತ್ತಲ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಮ್ಮ ದನದ ಕೊಟ್ಟಿಗೆಯ ಕೆಲಸಕ್ಕೆ ಬರುವ ಭೀಮಾಬಾಯಿ ಎಮ್ಮೆ ಹಿಂಡಿ, ಹಾಲಿನ ಬಕೆಟ್ ಕೆಳಗಿಟ್ಟು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತದ್ದು ನನಗೆ ಒಳಗಿನಿಂದ ಕಾಣುತ್ತಿತ್ತು.

"ತೃಪ್ತಿಬಾಯಿ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಖರೇನ ನೇಮಾ ಹಿಡದೀರೇನು?"

 "ಇಲ್ಲ" ಎಂದಳು ನನ್ನ ಸೊಸೆ. ಹತ್ತು ದಿನದಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು.

"ಮತ್ತ ಯಾಕ ಉಣ್ಣವಲ್ರಿ?"

"ಗಂಟಲದಾಗ ಇಳಿಯವಲ್ದು, ಭೀಮವ್ವಾ. ಬದುಕೂದ ಬ್ಯಾಡ ಅನಸ್ತೈತಿ. ಹಿಂಗ ಹೋಗಿಬಿಟ್ರ ಮನಿಗೆ ಕೆಟ್ಟ ಹೆಸರೂ ಬರೂದಿಲ್ಲಲ್ಲ? ಉಪಾಸದಾಗ ಹೋದ್ಳು, ಪುಣ್ಯವಂತಿ ಅಂತಾರ. ನೀಲಮನ ಮದವೀನೂ ಆಗ್ತೈತಿ."

 ನಿಜ ಹೇಳುತ್ತೇನೆ, ಅದನ್ನು ಕೇಳಿ ಮೊದಲು ನನ್ನ ಬಾಯಿಂದ ಬಂದದ್ದು ಅಳುವಲ್ಲ. ಹೊರಗೆ ನುಗ್ಗಿ, "ಏ ಭೀಮಿ! ಬಾಯಿ ಮುಚ್ಚಕೊಂಡ ಇರ. ಹೊರಗ ಮಂದಿ ಬರೂ ಹೊತ್ತು" ಎಂದೆ.

ಭೀಮಾಬಾಯಿ ಎದ್ದು ನಿಂತಳು. ಹದಿನೈದು ವರ್ಷದಲ್ಲಿ ನನಗೆ ಒಮ್ಮೆಯೂ ಎದುರು ಮಾತಾಡಿದವಳಲ್ಲ.

"ಅಕ್ಕಾರ, ನಮ್ಮ ಮಾಳೇಶ ಹುಟ್ಟಿದ ಮ್ಯಾಲೆ ನನಗೂ ಹಿಂಗ ಆಗಿತ್ತು. ಹುಚ್ಚ ಭೀಮಿ ಅಂತಿದ್ರು. ನೀವೂ ಅಂತಿದ್ರಿ. ಎರಡ ವರ್ಸಾ ತಾಯತಾ ಕಟ್ಟಿದ್ರು, ಬೇವಿನ ತಪ್ಪಲಿಂದ ಬಡದ್ರು. ಕಡೀಕ ಊರಿನ ಆಶಾ ಕಾರ್ಯಕರ್ತಿ ಅಥಣಿ ಸರಕಾರಿ ದವಾಖಾನಿಗೆ ಕರಕೊಂಡ ಹೋದ್ಳು. ಗುಳಿಗಿ ನುಂಗಿದೆ. ಡಾಕ್ಟರ್ ಮುಂದ ಕುಂತು ಅತ್ತೆ. ಈಗ ನಿಮ್ಮ ಎಮ್ಮಿ ಹಿಂಡಾಕತ್ತೀನಿ, ನೋಡ್ರಿ."

ನಾನು ಅವಳ ಕೈ ಹಿಡಿದು ಬೇಡಿಕೊಂಡೆ. "ಇವತ್ತೊಂದಿನ ತಡಿಯ ಭೀಮಾ. ನಿಪ್ಪಾಣಿಯವ್ರು ಬಂದು ಹೋಗ್ಲಿ. ನಾಳಿ ಮಂದಿಗೆ ಮಿರಜಕ್ಕ ಕಣ್ಣ ತೋರಸಾಕ ಅಂತ ಹೇಳಿ ದವಾಖಾನಿಗೆ ಕರಕೊಂಡ ಹೋಗ್ತೀನಿ."

"ಆ ಒಂದ ದಿನಾ ಯಾರ ಕೈಯಾಗ ಐತ್ರಿ, ಅಕ್ಕಾರ?"

ಅಷ್ಟರಲ್ಲಿ ಬ್ಯಾಂಡಿನ ಸದ್ದು ಓಣಿಗೆ ಬಂತು. ಬಾಗಿಲ ಮುಂದೆ ಜೀಪು ನಿಂತಿತು. ಆರತಿ ಹಿಡಿದ ಹೆಂಗಸರು, ಮುಂದೆ ಪದ್ಮವ್ವ, ಹಿಂದೆ ಜರಿ ಸೀರೆ ಉಟ್ಟ ನಿಪ್ಪಾಣಿಯ ಬೀಗಿತ್ತಿ ಆಗಬೇಕಾದವಳು. "ಎಲ್ಲಿ ನಮ್ಮ ತಪಸ್ವಿ?" ಎಂದು ಎಲ್ಲರೂ ಕೇಳುವವರೇ.

ನಾನು ಹಿಂತಿರುಗಿ ನೋಡಿದೆ. ತೃಪ್ತಿ ಸೆರಗು ತಲೆಗೆ ಎಳೆದುಕೊಂಡು, ಗೋಡೆ ಹಿಡಿದು ಏಳುತ್ತಿದ್ದಳು. ನಮ್ಮ ಮರ್ಯಾದೆಗಾಗಿ ಹೋಗಿ ಆ ಜೀಪಿನಲ್ಲಿ ಕೂರಲು ತಯಾರಾಗಿದ್ದಳು, ನನ್ನವ್ವ! ಆಗ ನನ್ನ ಎದೆ ಒಡೆಯಿತು. ಹೊಸ್ತಿಲಿಗೆ ಅಡ್ಡ ನಿಂತೆ.

"ಬ್ಯಾಂಡ್ ನಿಲ್ಲಸ್ರಿ. ನನ್ನ ಸೊಸಿ ಉಪಾಸ ಮಾಡಿಲ್ಲ. ಅಕಿಗೆ ಮನಸಿಗೆ ಬ್ಯಾನಿ ಆಗೇತಿ. ಮೂರ ತಿಂಗಳಿಂದ ಆಗೇತಿ. ನನಗ ತಿಳೀಲಿಲ್ಲ ಅನ್ನೂದೂ ಸುಳ್ಳ, ತಿಳದ್ರೂ ಮುಚ್ಚಿಟ್ಟೆ. ನೀವೆಲ್ಲಾ ನನ್ನ ಮಾತ ಕೇಳಿ ಅಕಿ ಕಾಲ ಮುಟ್ಟೀರಿ. ತಪ್ಪ ನನ್ನದು, ಕ್ಷಮಾ ಮಾಡ್ರಿ. ಈಗ ಅಕಿನ್ನ ದವಾಖಾನಿಗೆ ಒಯ್ಯಾಕ ದಾರಿ ಬಿಡ್ರಿ."

ಬ್ಯಾಂಡು ನಿಂತಿತು. ನಿಪ್ಪಾಣಿಯಾಕೆ ಸೆರಗು ಸರಿಮಾಡಿಕೊಂಡು ತಮ್ಮ ಕಾರಿನ ಕಡೆ ಹೊರಟಳು. ಹಿಂದಿನಿಂದ ಒಬ್ಬಳು "ಹುಚ್ಚಿ ಕಾಲ ಮುಟ್ಟಿದ್ವಾ ಹಂಗಾರ?" ಎಂದದ್ದು ನನ್ನ ಕಿವಿಗೆ ಬಿತ್ತು.

ಪದ್ಮವ್ವ ಕೋಲು ನೆಲಕ್ಕೆ ಕುಟ್ಟಿದಳು. "ಯಾರಾಕಿ ಅಂದಾಕಿ? ಇಷ್ಟ ದಿನಾ ಹೋಗಿ ಬಂದಿ, ಆ ಹುಡಗಿ ಮಾರಿ ಒಂದ ಸಲಾ ನೋಡಿದೇನ ನೀ? ನಾನೂ ನೋಡಲಿಲ್ಲ, ಸುಡ್ಲಿ ನನ್ನ ಕಣ್ಣು." ಆಮೇಲೆ ಡ್ರೈವರನ ಕಡೆ ತಿರುಗಿ, "ಏನ ನೋಡ್ತಿ? ಗಾಡಿ ಎದುರಿಗೇ ನಿಂತೈತಲ್ಲ. ತಿರಗಸು, ಅಥಣಿಗೆ ನಡಿ" ಎಂದಳು. ಪದ್ಮವ್ವನ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ಗುಂಪಿನ ಹಿಂದೆ ನಿಂತಿದ್ದ ಸನ್ಮತಿ ಒಳಗೆ ನುಗ್ಗಿ ಹೆಂಡತಿಯನ್ನು ಎತ್ತಿಕೊಂಡು ಬಂದು ಜೀಪಿನಲ್ಲಿ ಕೂರಿಸಿದ. ಭೀಮಾಬಾಯಿ ಸೆಗಣಿ ಕೈ ಎಂದು ದೂರ ನಿಂತಿದ್ದಳು. "ಹತ್ತ ಬೇ ಮ್ಯಾಲ! ನೀ ಇಲ್ಲದ ನಾ ಹೆಂಗ ಹೋಗ್ಲಿ?" ಎಂದು ತೋಳು ಹಿಡಿದು ಎಳೆದುಕೊಂಡೆ. ಚೆಂಡುಹೂವಿನ ಮಾಲೆ ಬಿಚ್ಚಲಿಕ್ಕೂ ವ್ಯವಧಾನವಿರಲಿಲ್ಲ. ದಾರಿಯುದ್ದಕ್ಕೂ ಜನ ಜೀಪು ಕಂಡು ನಿಂತು ತೃಪ್ತಿಗೆ ಕೈಮುಗಿದರು. ಮುಗಿಯಲಿ ಬಿಡಿ ಎಂದುಕೊಂಡೆ. ಜೀವ ಹಿಡಿದುಕೊಂಡು ಹೊರಟವಳಿಗೆ ಕೈಮುಗಿದರೆ ತಪ್ಪೇನು?

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಒಮ್ಮೆಲೇ ಉಣ್ಣಿಸಬೇಡಿ, ನಾವು ಹೇಳಿದಷ್ಟೇ ಎಂದರು. ಮನಸ್ಸಿನ ಡಾಕ್ಟರು ಸುಜಾತಾ ಎಂಬ ಸಣ್ಣ ವಯಸ್ಸಿನ ಹುಡುಗಿ. ತೃಪ್ತಿಯ ಹತ್ತಿರ ಬಾಗಿಲು ಹಾಕಿಕೊಂಡು ಒಂದು ತಾಸು ಮಾತಾಡಿದಳು. ಹೊರಗೆ ಬಂದು, "ಇದಕ್ಕ ಔಷಧ ಐತಿ, ಹೆದರಬ್ಯಾಡ್ರಿ. ಆದ್ರ ಹತ್ತ ದಿನಾ ಯಾಕ ಉಣವಲ್ಲಿ ಅಂತ ಮನ್ಯಾಗ ಯಾರೂ ಕೇಳಲಿಲ್ಲೇನ್ರಿ?" ಎಂದಳು. 

ನಿಪ್ಪಾಣಿಯವರು ಮತ್ತೆ ಬರಲಿಲ್ಲ. "ಹೋದ್ರ ಹೋಗ್ಲಿ ಅವ್ವಾ, ನಾಳಿ ನನಗ ಜ್ವರ ಬಂದ್ರೂ ಮುಚ್ಚಿಡೂ ಮಂದಿ ಅವ್ರು" ಎಂದಳು ನೀಲಮ. ತೃಪ್ತಿ ಸುಧಾರಿಸಲು ತಿಂಗಳುಗಳೇ ಹಿಡಿದವು. ಈಗಲೂ ಗುಳಿಗೆ ನಡೆದಿದೆ. ಅಥಣಿಯ ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆ ಎಂದು ಕೇಳಿದರೆ, "ಸೊಸಿಗೆ ಮನಸಿನ ಡಾಕ್ಟರ್ ಕಡೆ" ಎಂದು ನೆಟ್ಟಗೆ ಹೇಳುತ್ತೇನೆ. ಅದನ್ನು ಕೇಳಿ ಒಬ್ಬಿಬ್ಬರು ಸರಿದು ಬಂದು, ಡಾಕ್ಟರು ಯಾವ ವಾರ ಸಿಗುತ್ತಾರೆ ಎಂದು ಕಿವಿಯಲ್ಲಿ ಕೇಳಿದ್ದೂ ಉಂಟು.

ಆದರೆ ನಾನು ಹೇಳಬೇಕಾದದ್ದು ದವಾಖಾನೆಯ ನಾಲ್ಕನೆಯ ದಿನದ ಮಾತು. ತೃಪ್ತಿ ಕಣ್ಣು ಬಿಟ್ಟು ಮಲಗಿದ್ದಳು. ಗಂಜಿಯ ಬಟ್ಟಲು ಹಿಡಿದು ನಾನು ಪಕ್ಕದಲ್ಲಿ ಕೂತಿದ್ದೆ. ಹೇಗೆ ಉಣ್ಣು ಅನ್ನಲಿ, ಯಾವ ಬಾಯಲ್ಲಿ ಅನ್ನಲಿ ಎಂದು ತಿಳಿಯದೆ ಚಮಚ ಆಡಿಸುತ್ತಿದ್ದೆ.

"ಅತ್ತಿ" ಎಂದಳು, "ಆ ಹತ್ತ ದಿನಾ ನಾ ಕಾಯಾಕತ್ತಿದ್ದೆ."

"ಯಾರ್ನವಾ?"

"ನಿಮ್ಮನ್ನ. ಹಾಲ ಉಕ್ಕಿದ್ರ ಬೈತೀರಿ, ಕೂದಲಾ ಬಿಟ್ಟಕೊಂಡ್ರ ಬೈತೀರಿ. ಇವತ್ತ ಬಂದು 'ಉಣ್ಣ ಮೂಳಿ' ಅಂತಾರ, ನಾಳಿ ಅಂತಾರ ಅಂತ ಬಾಗಿಲಾ ನೋಡಾಕತ್ತಿದ್ದೆ. ನೀವು ಒಂದ ಸಲಾ ಬೈದಿದ್ರ ಉಣ್ಣತಿದ್ದೆನೋ ಏನೋ. ನೀವು ಬೈಲಿಲ್ಲ. ನನ್ನ ಕಾಲಿಗೆ ಬೀಳಾಕ ಮಂದಿನ್ನ ಕರಕೊಂಡ ಬಂದ್ರಿ."

ನನಗೆ ಅಳು ತಡೆಯಲಾಗಲಿಲ್ಲ. ವಾರ್ಡಿನ ಜನವೆಲ್ಲ ನೋಡುತ್ತಿದ್ದರು, ನೋಡಲಿ. ಈ ಮಾತು ಹೇಳಲು ಅವಳು ಉಳಿದಿದ್ದಾಳಲ್ಲ, ಕೇಳುವ ಭಾಗ್ಯ ನನಗೆ ಸಿಕ್ಕಿತಲ್ಲ ಎಂದು ಭೀಮಾಬಾಯಿಯನ್ನು ನೆನೆದೆ, ಪದ್ಮವ್ವನನ್ನು ನೆನೆದೆ, ದೇವರನ್ನು ಆಮೇಲೆ ನೆನೆದೆ. ಕಣ್ಣು ಒರೆಸಿಕೊಂಡು ಚಮಚ ಅವಳ ತುಟಿಗೆ ಹಿಡಿದೆ.

"ಉಣ್ಣ ಮೂಳಿ" ಎಂದೆ.

ತೃಪ್ತಿ ಬಾಯಿ ತೆರೆದಳು.