ಭಟ್ಟರು ಅಳತೆ ಹೇಳಿದ ದಿನ

ಪುರಸೈವಾಕ್ಕಂನ ಮಧ್ವರಾಜ ರಾಯರ ಹೋಟೆಲಿನ ಚರಿತ್ರೆಯಲ್ಲಿ ೧೯೫೮ರ ಆಷಾಢಕ್ಕಿಂತ ಗಂಭೀರವಾದ ಕಾಲ ಇನ್ನೊಂದಿಲ್ಲ. ಆ ತಿಂಗಳು ಸಾಂಬಾರು ಪುಡಿಯ ಅಳತೆ ಬಹಿರಂಗವಾಯಿತು.

ಹನ್ನೊಂದು ವರ್ಷ ಆ ಪುಡಿಯನ್ನು ಮುಖ್ಯ ಅಡುಗೆಯವರಾದ ಸದಾನಂದ ಭಟ್ಟರು ಬಾಗಿಲು ಹಾಕಿಕೊಂಡು ಹುರಿದಿದ್ದರು. ರಾಯರು ಬೇಡಿ, ಗದರಿ, ಸಂಬಳ ಏರಿಸಿ ಸೋತಿದ್ದರು. ಆ ಮಂಗಳವಾರ ಬೆಳಿಗ್ಗೆ ಭಟ್ಟರು ತಾವಾಗಿಯೇ ಅಳತೆಯನ್ನೆಲ್ಲ, ಮೆಂತ್ಯ ಎಷ್ಟೆಂಬುದನ್ನೂ ಬಿಡದೆ, ರುಬ್ಬುವ ಕಿಟ್ಟಣ್ಣನಿಂದ ಬರೆಸಿ ಗೋಡೆಗೆ ಅಂಟಿಸಿದರು. ರಾಯರು ಸಂತೋಷಕ್ಕೆ ಪಾಯಸ ಮಾಡಿಸಿದರು.

ಕಿಟ್ಟಣ್ಣನಿಗೆ ಪಾಯಸ ಇಳಿಯಲಿಲ್ಲ. ಅಡುಗೆಯವರು ಅಳತೆ ಬಿಟ್ಟುಕೊಡುವುದು ಕೆಲಸ ಬಿಟ್ಟು ಊರಿಗೆ ಹೊರಟಾಗ. ಭಟ್ಟರಿಗೆ ಊರಿನಲ್ಲಿ ಯಾರಿದ್ದರು? ಹೆಂಡತಿ ಜಲಜಾಕ್ಷಿ ಹೋದ ವರ್ಷ ತೀರಿಕೊಂಡಿದ್ದರು; ತಂತಿ ಕೈಸೇರಿದ್ದು ಮೂರನೆಯ ದಿನ. ಹೋಗಿ ಬಂದ ಭಟ್ಟರು ಒಲೆ ಹಚ್ಚಿದರು, ಗಿರಾಕಿಗಳು ಇಡ್ಲಿ ತಿಂದರು. ಕೆಲಸದವರು ಮಲಗುವ ಮಹಡಿಯ ಮೇಲೆ ಎಂಟು ಚಾಪೆ, ಎಂಟು ಗೊರಕೆ. ಮಾತು ಮಾತ್ರ ಒಂದೂ ಇಲ್ಲ.

"ಭಟ್ರೇ, ಊರಿಗೆ ಹೊರಟ್ರಾ?"

"ಊರಲ್ಲಿ ಎಂತ ಉಂಟು ಮಾರಾಯ?"

ಕಿಟ್ಟಣ್ಣ ರುಬ್ಬುವುದನ್ನು ನಿಲ್ಲಿಸಿದ. "ಸಾಯುವ ಯೋಚನೆ ಉಂಟಾ?"

"ಉಂಟು," ಎಂದರು ಭಟ್ಟರು, ಡಬ್ಬಿಯಲ್ಲಿ ಉಪ್ಪುಂಟಾ ಎಂದು ಕೇಳಿದವರಿಗೆ ಹೇಳುವಂತೆ. "ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಕಿಟ್ಟಣ್ಣ ಅವರ ಕೈ ಹಿಡಿದು ಹೊರಗೆ ಕರೆತಂದ. ಅಲ್ಲಿ ದಿನದ ಗಿರಾಕಿ, ಆಸ್ಪತ್ರೆಯೊಂದರಲ್ಲಿ ಗುಮಾಸ್ತರಾಗಿದ್ದ ತಿರುಮಲಾಚಾರ್ಯರು ಕಾಫಿ ಆರಿಸುತ್ತಿದ್ದರು. ವಿಷಯ ಕೇಳಿ ಲೋಟ ಕೆಳಗಿಟ್ಟು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಹೇಳಿದರು.

"ಇವರನ್ನ ಒಂಟಿ ಬಿಡಬಾರ್ದು ರೀ. ಈಗ್ಲೇ ಹೋಗೋಣ. ಕೀಳ್ಪಾಕ್ ಹುಚ್ಚಾಸ್ಪತ್ರೆ ಅಂದ್ರೆ ಎಲ್ಲಾರ್ಗೂ ಪಯ. ಅಲ್ಲಿರೋದೂ ಡಾಕ್ಟರೇ, ಪೇ ಪಿಶಾಚಿ ಅಲ್ಲ."

ರಾಯರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದರು. "ಊಟದ ಹೊತ್ತಿಗೆ ಸಾಂಬಾರು ಮಾಡುದು ಯಾರು?"

"ಅಳತೆ ಗೋಡೆ ಮೇಲೆ ಉಂಟಲ್ಲ ಧಣಿ, ನೀವೇ ಮಾಡಿ," ಎಂದ ಕಿಟ್ಟಣ್ಣ. ಧಣಿಗೆ ಅವನು ಕೊಟ್ಟ ಮೊದಲ ಅಪ್ಪಣೆ ಅದು.

ಮೂವರೂ ಬಸ್ಸು ಹತ್ತಿ ಕೀಳ್ಪಾಕಿನಲ್ಲಿ ಇಳಿದರು. ಡಾಕ್ಟರ ಬಾಗಿಲಲ್ಲಿ ಭಟ್ಟರು ಹಿಂತಿರುಗಿ ನೋಡಿದರು. "ನೀನು ಹೊರಗೆ ಇರ್ತೀಯಲ್ಲ?"

"ನಾನೆಲ್ಲಿಗೆ ಹೋಗುದು ಭಟ್ರೇ? ಇಲ್ಲೇ ಇರ್ತೇನೆ."

ಸಂಜೆಯವರೆಗೂ ಅವನು ಆ ಬೆಂಚಿನ ಮೇಲೆಯೇ ಕೂತಿದ್ದ.

ಭಟ್ಟರನ್ನು ಎರಡು ತಿಂಗಳು ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಕಿಟ್ಟಣ್ಣ ಪ್ರತಿ ಭಾನುವಾರ ಹೋಗಿ ನೋಡಿ ಬರುತ್ತಿದ್ದ. ನವರಾತ್ರಿಗೆ ಮೊದಲು ಭಟ್ಟರು ಕೆಲಸಕ್ಕೆ ಮರಳಿದರು.